ಧಾರ್ಚುಲಾ ತೂಗುಸೇತುವೆ ದಾಟಲು ಪಾಸ್ ಬೇಕಾ, ಬೇಡವಾ?

ಅಲೆಮಾರಿ ಶಿವು: ಆದಿ ಕೈಲಾಸದ ಪರ್ಮಿಟ್‌ಗೆ ಕಾಯುತ್ತಾ ಧಾರ್ಚುಲಾದಲ್ಲಿ ಎರಡು ದಿನ ಇದ್ದೆ. ಈ ದಡ ಉತ್ತರಾಖಂಡ, ಆ ದಡ ನೇಪಾಳದ ದಾರ್ಚುಲಾ, ನಡುವೆ ಕಾಳಿ ನದಿ. ತೂಗುಸೇತುವೆ ದಾಟಿದರೆ ಬೇರೆ ದೇಶ, ವೀಸಾ ಇಲ್ಲ ಏನಿಲ್ಲ. ನನಗೆ ಸರಿ ಕಾಣಲಿಲ್ಲ. ಮೇಲೆ ಲಿಪುಲೇಖ್‌ನಲ್ಲಿ ಚೀನಾ ಗಡಿ ಇದೆ. ದಾಟುವ ಎಲ್ಲರಿಗೂ ಪಾಸ್ ಕಡ್ಡಾಯ ಮಾಡಬೇಕು.

ಕಾವೇರಿ ತೀರದವಳು: ಎರಡು ದಿನ ಇದ್ದು ಬಂದು ಪಾಸ್ ಕೇಳ್ತೀರಲ್ಲ ಸರ್! ಅಲ್ಲಿನ ರಂಗ್ ಜನರ ನೆಂಟರು ಎರಡೂ ದಡದಲ್ಲಿದ್ದಾರೆ. ನೇಪಾಳದ ಛಾಂಗ್ರು, ಟಿಂಕರ್ ಊರಿನವರು ಚಳಿಗಾಲಕ್ಕೆ ದಾರ್ಚುಲಾಕ್ಕೆ ಇಳಿಯುವುದು, ತಮ್ಮ ಕಡೆ ಸರಿಯಾದ ದಾರಿ ಇಲ್ಲದೆ, ಎಷ್ಟೋ ವರ್ಷ ಭಾರತದ ನೆಲದ ಮೇಲೇ ನಡೆದುಕೊಂಡು. 2020ರಲ್ಲಿ ಕೋವಿಡ್ ಅಂತ ಸೇತುವೆ ಮುಚ್ಚಿದಾಗ ನಮ್ಮ ಸೈನ್ಯದಲ್ಲಿ ದುಡಿದ ನೇಪಾಳಿ ಮುದುಕರು ಪಿಂಚಣಿಗೆ ಕಾಯಬೇಕಾಯಿತು. 1816ರಲ್ಲಿ ಬ್ರಿಟಿಷರು ಗೆರೆ ಎಳೆದರು, ಈಗ ನಾವು ಬೀಗ ಹಾಕೋದಾ?

ಹಳೇ ಕಡತ: 1816 ಅಲ್ಲ, 1815. ಬ್ರಿಟಿಷರಿಗೂ ನೇಪಾಳಕ್ಕೂ ಆದ ಸುಗೌಲಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1815ರ ಡಿಸೆಂಬರ್ 2ಕ್ಕೆ.

ಕಾವೇರಿ ತೀರದವಳು: ಸಹಿ ಬಿದ್ದರೆ ಆಯ್ತಾ? ಕಠ್ಮಂಡು ಒಪ್ಪಲಿಲ್ಲ, ಮತ್ತೆ ಯುದ್ಧ ಆಯ್ತು. ಒಪ್ಪಂದ ಊರ್ಜಿತವಾಗಿದ್ದು 1816ರ ಮಾರ್ಚ್ 4ಕ್ಕೆ.

ಹಳೇ ಕಡತ: ಯುದ್ಧದ ಮಾತು ಎತ್ತಿದ್ದು ನೀವೇ. ಹಾಗಾದರೆ ಕೇಳಿ, ಈ ದಡದ ಕುಮಾವೂನಿನ ಮುಖ್ಯ ಊರು ಅಲ್ಮೋರಾ 1815ರ ಏಪ್ರಿಲ್‌ನಲ್ಲೇ ನೇಪಾಳದ ಗೋರ್ಖರ ಕೈ ತಪ್ಪಿತ್ತು. ಕುಮಾವೂನನ್ನು ಅವರು ಗೆದ್ದದ್ದು 1790ರಲ್ಲಿ. ಅಂದರೆ ಎರಡೂ ದಡ ಗೋರ್ಖರ ಕೈಯಲ್ಲಿ ಇದ್ದದ್ದು ಬರೀ 25 ವರ್ಷ.

ಕಾವೇರಿ ತೀರದವಳು: ರಾಜರ ಲೆಕ್ಕ ಯಾರು ಕೇಳಿದರು? ನಾನು ಹೇಳಿದ್ದು ಜನರ ವಿಷಯ.

ಹಳೇ ಕಡತ: ಇಸವಿ ಹೇಳಿದ್ದು ನೀವು. ತಪ್ಪು ಇಸವಿ ಹೇಳಿ ಜನರ ಹಿಂದೆ ನಿಲ್ಲಬೇಡಿ.

ಗಡಿನಾಡ ಬಸು: ಇಬ್ಬರೂ ಸ್ವಲ್ಪ ನಿಲ್ಲಿಸಿ. ಆ ಒಪ್ಪಂದದಲ್ಲಿ ಕಾಳಿಯೇ ಗಡಿ ಅಂತಿದೆ, ಕಾಳಿ ಎಲ್ಲಿ ಹುಟ್ಟುತ್ತೆ ಅಂತ ಇಲ್ಲ. ಜಗಳ ಇರೋದೇ ಅಲ್ಲಿ. ನೇಪಾಳ ಲಿಂಪಿಯಾಧುರಾ ಅನ್ನುತ್ತದೆ, ಭಾರತ ಕಾಲಾಪಾನಿ ಬುಗ್ಗೆ ಅನ್ನುತ್ತದೆ. 2020ರ ಮೇ 8ಕ್ಕೆ ಲಿಪುಲೇಖ್ ರಸ್ತೆ ಉದ್ಘಾಟನೆ ಆಯ್ತು, ಅದೇ ತಿಂಗಳು ನೇಪಾಳ ಆ ಜಾಗ ತನ್ನದೆಂದು ಹೊಸ ನಕ್ಷೆ ಹೊರಡಿಸಿತು.

ಅಲೆಮಾರಿ ಶಿವು: ಜಗಳ ಇದೆ ಅಂತ ನೀವೇ ಒಪ್ಪಿದಿರಿ. ಜಗಳ ಇರುವ ಗಡಿಗೆ ಪಾಸ್ ಬೇಡವಾ?

ಗಡಿನಾಡ ಬಸು: ಜಗಳ ಮೇಲೆ ಕಾಲಾಪಾನಿಯಲ್ಲಿ, ಧಾರ್ಚುಲಾ ಬಜಾರಿನಲ್ಲಿ ಅಲ್ಲ ಮಾರಾಯ್ರೆ! ಸೇತುವೆಗೆ ಸಶಸ್ತ್ರ ಸೀಮಾ ಬಲದ ಕಾವಲಿದೆ. ಸಂಜೆ ಬಾಗಿಲು ಹಾಕುತ್ತಾರೆ. 1950ರ ಭಾರತ-ನೇಪಾಳ ಒಪ್ಪಂದದ 7ನೇ ಕಲಮು ಓದಿ, ಎರಡೂ ದೇಶದವರಿಗೆ ಓಡಾಡುವ ಹಕ್ಕು ಕೊಟ್ಟಿದ್ದಾರೆ.

ಅಲೆಮಾರಿ ಶಿವು: ಕಾವಲು ಇದೆ ಅಂತೀರಿ, ನನ್ನ ಚೀಲ ಯಾರೂ ಬಿಚ್ಚಿಸಿ ನೋಡಲಿಲ್ಲ. ಊರಿನವರಿಗೆ ಕಾಯಂ ಚೀಟಿ ಕೊಡಲಿ, ಹೊರಗಿನವರಿಗೆ ಪಾಸ್ ಇರಲಿ. ನಾನು ಮೊದಲಿಂದಲೂ ಹೇಳ್ತಿರೋದು ಇದನ್ನೇ.

ಕಾವೇರಿ ತೀರದವಳು: ಮೊದಲು "ಎಲ್ಲರಿಗೂ" ಅಂದಿರಿ, ಮೇಲೆ ಹೋಗಿ ಓದಿಕೊಳ್ಳಿ. ಆ ಕಾಯಂ ಚೀಟಿ ಕೊಡೋರು ಯಾರು? ಉಪ್ಪು, ಎಣ್ಣೆ ತರೋಕೆ ಬರುವ ಹೆಂಗಸು ಅದಕ್ಕಾಗಿ ಎಷ್ಟು ಸಲ ಕಚೇರಿಗೆ ಅಲೆಯಬೇಕು? ಅದನ್ನು ಹೇಳಿ.

ಹಳೇ ಕಡತ: 1815 ಅನ್ನೋದಕ್ಕೆ ಇನ್ನೂ ಉತ್ತರ ಬಂದಿಲ್ಲ.