ಸಹಾಯ ಬೇಕು: ಸವಳು ಹತ್ತಿದ ಗದ್ದೆಗೆ ಮೊದಲು ಜಿಪ್ಸಮ್ಮಾ, ಬಸಿಗಾಲುವೆನಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆ ನೀರು. ಮೂರು ಎಕರೆ ಎರೆ ಭೂಮಿ, ಅಪ್ಪನ ಕಾಲದಿಂದ ಬರೀ ಭತ್ತ. ಈಗ ತಗ್ಗಿನಲ್ಲಿರುವ ಒಂದು ಎಕರೆಗೆ ಸವಳು ಹತ್ತಿದೆ. ನೀರು ಆರಿದರೆ ಮಡಿ ತುಂಬ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತೆ. ಸಸಿ ತುದಿ ಸುಟ್ಟು ಅಲ್ಲಲ್ಲಿ ಬೋಳಾಗಿದೆ. ಮಣ್ಣು ಹಸಿಯಿದ್ದಾಗ ಅಂಟು, ಒಣಗಿದರೆ ಕಲ್ಲು.

ಪರೀಕ್ಷೆ ಮಾಡಿಸಿದೆ. ಪಿಎಚ್ (ಮಣ್ಣಿನ ಕ್ಷಾರ ತೋರಿಸುವ ಅಳತೆ) 8.9, ಇಸಿ (ಕರಗಿದ ಉಪ್ಪಿನ ಅಳತೆ) 4.6 ಬಂದಿದೆ. ಅದಕ್ಕೂ ಮುಂಚೆ ಯಾರದೋ ಮಾತು ಕೇಳಿ ಸುಮ್ನೆ ಯೂರಿಯಾ ಜಾಸ್ತಿ ಹಾಕಿದ್ದೆ. ದುಡ್ಡು ಹೋಯಿತು ಅಷ್ಟೇ.

ಪಿಎಚ್ 8.5 ದಾಟಿದರೆ ಜಿಪ್ಸಮ್ ಬೇಕು ಅಂತ ಗೊತ್ತು. ಆದರೆ ಅದು ಮಣ್ಣಿನಿಂದ ಬಿಡಿಸಿದ ಸೋಡಿಯಂ ನೀರಿನ ಜೊತೆ ಹೊರಗೆ ಹೋಗಬೇಕಲ್ವಾ? ನಮ್ಮ ಬಸಿಗಾಲುವೆಯಲ್ಲಿ ಹೂಳು ತುಂಬಿ ಆಪು ಬೆಳೆದಿದೆ. ಪಕ್ಕದ ಗದ್ದೆಯವರು ಒಪ್ಪದೆ ತೆಗೆಸಲು ಆಗಲ್ಲ. ಅವರನ್ನು ಒಪ್ಪಿಸುವುದು ಜಿಪ್ಸಮ್‌ಗಿಂತ ದುಬಾರಿ!

ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಡಯಾಂಚ ಬಿತ್ತಿ, 45 ದಿನಕ್ಕೆ ಹೂ ಬರುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸೋಣ ಅಂತಲೂ ಇದೆ. ಇಷ್ಟು ಸವಳಿನಲ್ಲಿ ಚೆನ್ನಾಗಿ ಹುಟ್ಟುತ್ತಾ? ಎಕರೆಗೆ ಬೀಜ ಎಷ್ಟು ಹಾಕಿದ್ದೀರಿ? ಗಂಗಾವತಿ, ಮಾನ್ವಿ ಕಡೆ ಇಂಥ ನೆಲ ಸರಿ ಮಾಡಿಕೊಂಡವರು ಯಾವುದು ಮೊದಲು ಮಾಡಿದಿರಿ, ಎಷ್ಟು ಬೆಳೆ ಕಾದಿರಿ, ದಯವಿಟ್ಟು ತಿಳಿಸಿ.