ಶಿವಮೊಗ್ಗಕ್ಕೆ ನೆಂಟರು ಬಂದರೆ ಜೋಗ ಬಿಟ್ಟು ಏನು ತೋರಿಸೋದು?

ಕೇಳಿದವರು

ವರ್ಗವಾಗಿ ಶಿವಮೊಗ್ಗಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ. ನಮ್ಮೂರು ಗಂಗಾವತಿ. ಜುಲೈ ಕೊನೆಗೆ ಅತ್ತೆ, ಮಾವ, ನಾದಿನಿಯ ಮಕ್ಕಳು ಬರುತ್ತಿದ್ದಾರೆ. ಆಫೀಸಿನಲ್ಲಿ, ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಶಿವಮೊಗ್ಗದಂಥ ಊರಿಲ್ಲ ಅನ್ನುತ್ತಾರೆ. ಸರಿ, ಏನು ತೋರಿಸಲಿ ಅಂದರೆ ಜೋಗ, ಆಗುಂಬೆ, ಕೊಡಚಾದ್ರಿ! ಎಲ್ಲವೂ ಎರಡು ಮೂರು ಗಂಟೆ ದಾರಿ. ಅತ್ತೆಗೆ ಮಂಡಿ ನೋವು, ಅಷ್ಟು ಹೊತ್ತು ಕಾರಿನಲ್ಲಿ ಕೂರಲು ಆಗುವುದಿಲ್ಲ. ಊರೊಳಗೆ, ಇಲ್ಲ ಅಂದರೆ ಮುಕ್ಕಾಲು ಗಂಟೆಯೊಳಗೆ ಏನಿದೆ ಹೇಳಿ. ಪ್ರವಾಸಿ ಪಟ್ಟಿ ಬೇಡ. ನೀವು ನಿಮ್ಮ ನೆಂಟರಿಗೆ ಏನು ತೋರಿಸುತ್ತೀರಿ, ಅದು ಬೇಕು.

ಸೀಗೆಹಟ್ಟಿಯಿಂದ

ಜುಲೈ ಅಂದರೆ ಮೊದಲು ಹೊಳೆ ನೋಡಿ ಮೇಡಂ. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿ ಒಂದು ಕಲ್ಲು ಮಂಟಪ ಇದೆ. ಬೇಸಿಗೆಯಲ್ಲಿ ಅದರ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಇಡೀ ಊರಿಗೆ ಅದೇ ಸುದ್ದಿ. "ಮಂಟಪ ಮುಳುಗಿತಾ?" ಅಂತ ಕೇಳಿದರೆ ಹೊಳೆ ಎಷ್ಟು ಬಂದಿದೆ ಅಂತ ಅರ್ಥ. ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವುದು ಪೇಪರಿನವರಿಗೆ. ನಮಗೆ ಮಂಟಪ ಸಾಕು.

ಇನ್ನೊಂದು ವಿಷಯ ಮಾವನವರಿಗೆ ಹೇಳಿ. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಹೊಳೆ ತುಂಬಿ ಹರಿಯುತ್ತದೆ. ಯಾಕೆಂದರೆ ನಮ್ಮ ಹೊಳೆಗೆ ನಮ್ಮ ಮಳೆ ಲೆಕ್ಕಕ್ಕಿಲ್ಲ. ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದದ್ದು ಗಾಜನೂರಿಗೆ ಬರುತ್ತದೆ. ಗಾಜನೂರು ಡ್ಯಾಮು ಚಿಕ್ಕದು, 3.24 ಟಿಎಂಸಿ ಅಷ್ಟೇ. ಮುಂಗಾರು ಜೋರಾದರೆ ತುಂಬಲು ಹೆಚ್ಚು ದಿನ ಬೇಕಾಗಿಲ್ಲ. ತುಂಬಿದರೆ ಬಂದಷ್ಟು ನೀರನ್ನೂ ಬಿಡಲೇಬೇಕು. ಬಿಟ್ಟದ್ದು ನಮ್ಮ ಬಾಗಿಲಿಗೆ.

ಹೊಳೆ ದಂಡೆಯ ಬೀದಿಗಳಲ್ಲಿ ಇರುವವರಿಗೆ ಇದು ನೋಡುವ ಚಂದ ಮಾತ್ರ ಅಲ್ಲ. 2019ರ ಆಗಸ್ಟಿನಲ್ಲಿ ನೀರು ಮನೆಯೊಳಗೇ ಬಂತು. ಅವತ್ತಿನಿಂದ ಮಂಟಪ ಮುಳುಗುವಷ್ಟರಲ್ಲಿ ನಮ್ಮಮ್ಮ ಅಕ್ಕಿ ಡಬ್ಬ, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಅಟ್ಟಕ್ಕೆ ಏರಿಸುತ್ತಾರೆ. ನೀವು ದಡದ ಮೇಲಿಂದಲೇ ನೋಡಿ. ಮೆಟ್ಟಿಲು ಇಳಿಯಬೇಡಿ, ಮಕ್ಕಳ ಕೈ ಬಿಡಬೇಡಿ. ಸೆಲ್ಫಿ ಹುಚ್ಚಿನವರಿಗೆ ಪೊಲೀಸರು ಬೈಯುವುದೂ ನೋಡಲು ಸಿಗುತ್ತದೆ.

ವಿನೋಬನಗರದಿಂದ

ಗಂಗಾವತಿಯವರು ಅಂದರೆ ಕೂಡ್ಲಿಗೆ ಕರೆದುಕೊಂಡು ಹೋಗದೆ ಕಳಿಸಬೇಡಿ. ಹೊಳೆಹೊನ್ನೂರು ರಸ್ತೆಯಲ್ಲಿ ಸುಮಾರು 15 ಕಿಲೋಮೀಟರ್. ತುಂಗೆ, ಭದ್ರೆ ಸೇರುವುದು ಅಲ್ಲೇ. ನಿಮ್ಮ ಕಡೆ ಭತ್ತದ ಗದ್ದೆಗೆ ಕಾಲುವೆಯಲ್ಲಿ ಬರುವ ನೀರು ತುಂಗಭದ್ರೆ ಅಂತ ಹೆಸರು ಪಡೆಯುವ ಜಾಗ. ಮಾವನವರು ಬೇಸಾಯದ ಮನೆಯವರಾದರೆ ನೀವು ವಿವರಿಸುವುದೇ ಬೇಕಿಲ್ಲ, ಸುಮ್ನೆ ನಿಂತು ನೋಡುತ್ತಾರೆ.

ಎರಡೂ ಹೊಳೆ ಒಂದೇ ಥರ ಬರುವುದಿಲ್ಲ, ಅದನ್ನು ಗಮನಿಸಲು ಹೇಳಿ. ಎರಡೂ ಹುಟ್ಟುವುದು ಗಂಗಾಮೂಲದಲ್ಲೇ. ಆದರೆ ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿಎಂಸಿಯ ದೊಡ್ಡ ಡ್ಯಾಮು ಅಡ್ಡ ಇದೆ. ಅದು 186 ಅಡಿ ತುಂಬುವವರೆಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಮಳೆಗಾಲದ ಮೊದಲ ಭಾಗದಲ್ಲಿ ಕೂಡ್ಲಿಗೆ ಅಬ್ಬರಿಸಿಕೊಂಡು ಬರುವುದು ತುಂಗೆಯೇ. ಜೂನ್, ಜುಲೈನಲ್ಲಿ ಹೊಸಪೇಟೆ ಡ್ಯಾಮಿಗೆ ನೀರು ಬಂತು ಅಂತ ನಿಮ್ಮೂರಿನವರು ಖುಷಿಪಡುತ್ತಾರಲ್ಲ, ಅದರಲ್ಲಿ ನಮ್ಮ ತುಂಗೆಯ ಪಾಲೇ ಜಾಸ್ತಿ. ಇದು ನಮ್ಮ ಜಂಬ. ತಪ್ಪೇನಿಲ್ಲ ಅಲ್ವಾ?

ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನ ಇದೆ. ಹೊಳೆಗೆ ಇಳಿಯುವ ಮೆಟ್ಟಿಲು ಮಳೆಯಲ್ಲಿ ತುಂಬಾ ಜಾರುತ್ತದೆ. ಅತ್ತೆಯವರು ಮೇಲೆಯೇ ಕೂತಿರಲಿ.

ಗಾಂಧಿ ಬಜಾರ್ ಹತ್ತಿರದ ಅಂಗಡಿಯವರು

ಎಲ್ಲರೂ ಹೊಳೆ ಹೊಳೆ ಅಂದರೆ ಹೊಟ್ಟೆಗೆ ಏನು? ಮಳೆಗಾಲದಲ್ಲಿ ಇಲ್ಲಿ ಸಿಗುವುದು ನಿಮ್ಮ ಕಡೆ ಸಿಗುವುದಿಲ್ಲ. ಕಳಲೆ, ಅಂದರೆ ಎಳೆ ಬಿದಿರು, ಬರುವುದು ಈಗಲೇ. ಕೊಂಡ ದಿನವೇ ಹುಳಿ ಮಾಡಲು ಹೋಗಬೇಡಿ. ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ಬಿಡಬೇಕು. ಹಸಿಯದರಲ್ಲಿ ಕಹಿಯೂ ಇದೆ, ವಿಷದ ಅಂಶವೂ ಇದೆ. ನೆಂಟರು ಶನಿವಾರ ಬಂದರೆ ಬುಧವಾರವೇ ಕೊಂಡಿಡಿ. ಪತ್ರೊಡೆಗೆ ಕೆಸುವಿನ ಸೊಪ್ಪು ಕೊಳ್ಳುವಾಗ ಮಾರುವ ಅಜ್ಜಿಯನ್ನು ಕೇಳಿಯೇ ತಗೊಳ್ಳಿ. ಗಂಟಲು ತುರಿಸುವ ಜಾತಿಯೂ ಇದೆ.

ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಮಾವಿನ ಮಿಡಿ, ಈಗ ಹಸಿಯಾಗಿ ಸಿಗುವುದಿಲ್ಲ. ಅದು ಬೇಸಿಗೆಯ ಮುಂಚಿನ ಮಾಲು. ಉಪ್ಪಿನಕಾಯಿ ಹಾಕಿದ್ದು ಸಿಗುತ್ತದೆ. ಜೀರಿಗೆ ಪರಿಮಳದ್ದು ಕೇಳಿ. ಮಿಡಿ ಕಚ್ಚಿದರೆ ಕರ್ ಅನ್ನಬೇಕು. ಮೆತ್ತಗಾಗಿದ್ದರೆ ಬೇಡ.

ಮಸಾಲೆ ದೋಸೆಗೆ ಬಿ.ಎಚ್. ರಸ್ತೆಯ ಮೀನಾಕ್ಷಿ ಭವನ. ಇದನ್ನು ನಾನು ಹೇಳದಿದ್ದರೆ ಇನ್ನು ಹತ್ತು ಜನ ಹೇಳುತ್ತಾರೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ

ನೀವು ಎಷ್ಟೇ ಜಾಗ ತೋರಿಸಿ, ಈ ಊರು ನಡೆಯುವುದು ಅಡಿಕೆ ರೇಟಿನ ಮೇಲೆ ಅನ್ನುವುದನ್ನು ಹೇಳದೆ ಕಳಿಸಿದರೆ ಏನೂ ತೋರಿಸಿದ ಹಾಗಾಗಲಿಲ್ಲ. ಇಲ್ಲಿನ ಪೇಪರಿನಲ್ಲಿ ಮಾರುಕಟ್ಟೆ ಧಾರಣೆ ಅಂತ ಬರುತ್ತದೆ ನೋಡಿ. ಸರಕು, ಬೆಟ್ಟೆ, ರಾಶಿ, ಗೊರಬಲು. ಎಳೆಯ ಕಾಯಿಯಿಂದ ಮಾಡಿದ ಸರಕಿಗೆ ರೇಟು ಜಾಸ್ತಿ, ಬಲಿತು ಹಣ್ಣಾದ ಗೊರಬಲಿಗೆ ಕಡಿಮೆ. ನಡುವೆ ರಾಶಿ. ಬೆಳೆಗಾರರು ಬಾಯಿತುಂಬ ಮಾತಾಡುವುದು ರಾಶಿಯದೇ. ಮದುವೆ ಊಟದಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರ ಹತ್ತಿರ "ರಾಶಿ ಎಷ್ಟಾಯ್ತಂತೆ?" ಅಂತ ಕೇಳಿ. ಪಾಯಸ ಬರುವ ಹೊತ್ತಿಗೆ ನೆಂಟಸ್ತಿಕೆ ಆಗಿರುತ್ತದೆ.

ರೇಟು ಏರಿದರೆ ನೆಹರು ರಸ್ತೆಯ ಬಟ್ಟೆ ಅಂಗಡಿ, ಬೈಕ್ ಷೋರೂಮು, ಚಿನ್ನದ ಅಂಗಡಿ ಎಲ್ಲದರಲ್ಲೂ ಜನ. ಬಿದ್ದರೆ ಮನೆ ಕಟ್ಟುತ್ತಿದ್ದವರು ಪ್ಲಾಸ್ಟರಿಂಗ್ ಮುಂದಕ್ಕೆ ಹಾಕುತ್ತಾರೆ. ನಮ್ಮ ಮಾಮ್‌ಕೋಸ್ ಶುರುವಾಗಿದ್ದು 1939ರಲ್ಲಿ, ಸ್ವಾತಂತ್ರ್ಯಕ್ಕೂ ಮುಂಚೆ. ಬೆಳೆಗಾರರೇ ಸೇರಿ ಕಟ್ಟಿಕೊಂಡ ಮಾರಾಟ ಸಹಕಾರ ಸಂಘ. ಜೋಗವನ್ನು ನಾವು ಯಾರೂ ಕಟ್ಟಿದ್ದಲ್ಲ ಮಾರಾಯ್ರೆ, ಇದನ್ನು ಕಟ್ಟಿದ್ದೇವೆ.

ಜುಲೈ ಕೊನೆಗೆ ಬಂದರೆ ದಾರಿ ಪಕ್ಕದ ತೋಟಗಳಲ್ಲಿ ಔಷಧಿ ಹೊಡೆಯುವುದು ಕಾಣಬಹುದು. ಕೊಳೆ ರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಮಳೆ ಹೊಳವಾದ ಗಳಿಗೆಯಲ್ಲೇ ಮರ ಹತ್ತಿ ಮುಗಿಸಬೇಕು. ಆ ಹೊತ್ತಿಗೆ ಮರ ಹತ್ತುವ ಕೊನೆಗಾರರು ಸಿಗುವುದು ದೇವರು ಸಿಕ್ಕಿದ ಹಾಗೆ.

ಗೋಪಾಳದಿಂದ

ಮೇಲಿನವರೆಲ್ಲ ಮಾವನವರಿಗೇ ಹೇಳಿದರು. ಮಕ್ಕಳು ಅಡಿಕೆ ರೇಟು ಕೇಳಿಕೊಂಡು ಕೂರುತ್ತಾರಾ? ಸಕ್ರೆಬೈಲಿಗೆ ಕರೆದುಕೊಂಡು ಹೋಗಿ. ತೀರ್ಥಹಳ್ಳಿ ರಸ್ತೆ, ಅರ್ಧ ಗಂಟೆಯೂ ಬೇಡ. ಬೆಳಿಗ್ಗೆಯೇ ಹೋಗಬೇಕು. ಆನೆಗಳಿಗೆ ಗಾಜನೂರು ಹಿನ್ನೀರಿನಲ್ಲಿ ಮಾವುತರು ಮೈ ತಿಕ್ಕುವುದು ಆಗಲೇ. ಸ್ನಾನ, ಊಟ ಮುಗಿದ ಮೇಲೆ ಅವನ್ನು ಕಾಡಿಗೆ ಮೇಯಲು ಬಿಡುತ್ತಾರೆ. ಮಧ್ಯಾಹ್ನ ಹೋದವರಿಗೆ ಲದ್ದಿ ಮಾತ್ರ. ನಮ್ಮೂರ ದಸರಾ ಮೆರವಣಿಗೆಗೆ ಬರುವುದೂ ಈ ಬಿಡಾರದ ಆನೆಗಳೇ. ಹಾಗಾಗಿ ಇಲ್ಲಿನ ಮಕ್ಕಳಿಗೆ ಅವುಗಳ ಹೆಸರು ಬಾಯಿಪಾಠ.

ಅದೇ ರಸ್ತೆಯಲ್ಲಿ ಮುಂದೆ ಮಂಡಗದ್ದೆ. ಹೊಳೆ ನಡುವಿನ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವ ಕಾಲ ಇದು. ರಸ್ತೆ ಪಕ್ಕದಿಂದಲೇ ಕಾಣುತ್ತದೆ. ಮಂಡಿ ನೋವಿನವರಿಗೆ ಇದಕ್ಕಿಂತ ಸುಲಭದ ಜಾಗ ಇಲ್ಲ.

ದಾವಣಗೆರೆಯಿಂದ ಬಂದು ಇಲ್ಲೇ ನೆಲೆಸಿದವರು

ಇಲ್ಲಿನವರು ಹೇಳದ ಒಂದೆರಡು ಮಾತು ನಾನು ಹೇಳುತ್ತೇನೆ, ಬೈಯಬೇಡಿ. ಮಲೆನಾಡು ಅಂತ ನೆಂಟರು ಸ್ವೆಟರ್ ಹೊತ್ತುಕೊಂಡು ಬರುವುದು ಬೇಡ. ಶಿವಮೊಗ್ಗ ಮಲೆನಾಡಿನ ಬಾಗಿಲು, ಒಳಮನೆ ಅಲ್ಲ. ತೀರ್ಥಹಳ್ಳಿ ರಸ್ತೆ ಹಿಡಿದರೆ ಕಾಡು, ಹೊಳೆಹೊನ್ನೂರು ರಸ್ತೆ ಹಿಡಿದರೆ ಭದ್ರಾ ಕಾಲುವೆಯ ಬಯಲು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ. ಊರೊಳಗೆ ಅದರ ಕಾಲುಭಾಗವೂ ಇಲ್ಲ. ಏಪ್ರಿಲ್‌ನಲ್ಲಿ ಬಂದಿದ್ದರೆ ಗಂಗಾವತಿಗೂ ಇಲ್ಲಿಗೂ ಏನು ವ್ಯತ್ಯಾಸ ಅಂತ ಕೇಳುತ್ತಿದ್ದರು.

ಸೋಗಾನೆ ವಿಮಾನ ನಿಲ್ದಾಣ ತೋರಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು, ಕುವೆಂಪು ಹೆಸರು ಇಟ್ಟರು, ಕಟ್ಟಡ ತಾವರೆ ಆಕಾರ. ಎಲ್ಲ ಸರಿ. ಆದರೆ ತಾವರೆ ಕಾಣುವುದು ಮೇಲಿಂದ. ಕೆಳಗೆ ನಿಂತವರಿಗೆ ಪಾರ್ಕಿಂಗ್ ಕಾಣುತ್ತದೆ.

ಕೋಟೆ ರಸ್ತೆಯಿಂದ

ಮಳೆ ಬಿಡದಿದ್ದರೆ ಶಿವಪ್ಪ ನಾಯಕ ಅರಮನೆ. ಒಳಗೆ ಸರ್ಕಾರಿ ಮ್ಯೂಸಿಯಂ, ಮರದ ಕಂಬಗಳು. ಅಂಗಳದಲ್ಲಿ ಸುತ್ತಲಿನ ಊರುಗಳಿಂದ ತಂದಿಟ್ಟ ವೀರಗಲ್ಲು, ಶಿಲ್ಪಗಳಿವೆ. ಶಿವಪ್ಪ ನಾಯಕ 1645ರಿಂದ 1660ರವರೆಗೆ ಕೆಳದಿ ರಾಜ್ಯ ಆಳಿದವನು. ಭೂಮಿಯ ಫಲವತ್ತತೆ ನೋಡಿ ಕಂದಾಯ ಗೊತ್ತು ಮಾಡಿದ ಅವನ "ಶಿಸ್ತು" ಪದ್ಧತಿ ಇವತ್ತಿಗೂ ಹೆಸರುವಾಸಿ. ಒಂದು ಗಂಟೆ ಸಾಕು. ಕೋಟೆ ಆಂಜನೇಯ ಹತ್ತಿರದಲ್ಲೇ.

ಇನ್ನೊಬ್ಬರು

ಮತ್ತೂರು ಯಾರೂ ಹೇಳಲಿಲ್ಲವಲ್ಲ? ಎಂಟು ಕಿಲೋಮೀಟರ್. ಸಂಸ್ಕೃತ ಮಾತಾಡುವ ಊರು.

ಹೊಸಹಳ್ಳಿ ನೆಂಟಸ್ತಿಕೆಯವರು

ಹೋಗಿ, ಆದರೆ ಒಂದು ವಿನಂತಿ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ "ಏನಾದರೂ ಸಂಸ್ಕೃತದಲ್ಲಿ ಮಾತಾಡಿ" ಅಂತ ಮೊಬೈಲ್ ಹಿಡಿಯಬೇಡಿ. ಅಲ್ಲಿ ಜನ ಬದುಕುತ್ತಿದ್ದಾರೆ, ತೋಟಕ್ಕೆ ಹೋಗುತ್ತಾರೆ, ಹಾಲು ಹಾಕಲು ಹೋಗುತ್ತಾರೆ. ಹೊಳೆಯ ಆಚೆ ದಡದ ಹೊಸಹಳ್ಳಿಯದು ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ಹೆಸರು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಅಲ್ಲಿಯವರು. ಗಮಕ ವಾಚನ ಇದೆ ಅಂತ ಗೊತ್ತಾದ ದಿನ ಹೋದರೆ ಕೇಳಿದ್ದಕ್ಕೂ ಸಾರ್ಥಕ. ಸುಮ್ನೆ ಹೋದರೆ ಎರಡು ಬೀದಿ, ಒಂದಷ್ಟು ಜಗಲಿ.

ತುಮರಿ ಕಡೆಯವನು, ಇಲ್ಲಿ ಓದುತ್ತಿದ್ದೇನೆ

ಅಕ್ಕ, ಖಾಸಗಿ ಬಸ್ ಸ್ಟ್ಯಾಂಡಿಗೆ ಸಂಜೆ ಹೊತ್ತು ಒಂದು ಸುತ್ತು ಹಾಕಿಸಿ. ನಗಬೇಡಿ. ನಮ್ಮ ಕಡೆಯ ಊರುಗಳಿಗೆ ಖಾಸಗಿ ಬಸ್ಸೇ ಅಂಚೆ, ಅದೇ ಕೊರಿಯರ್. ಅಮ್ಮ ಹಲಸಿನ ಹಪ್ಪಳ, ತೊಡೆದೇವು, ಒಗೆದ ಬೆಡ್‌ಶೀಟು ಎಲ್ಲ ಕಟ್ಟಿ ಕಂಡಕ್ಟರ್ ಕೈಗೆ ಕೊಡುತ್ತಾರೆ. ಮೇಲೆ ಹೆಸರು, ಫೋನ್ ನಂಬರ್ ಅಷ್ಟೇ. ಇಲ್ಲಿ ಬಸ್ ಬರುವ ಹೊತ್ತಿಗೆ ಹಾಸ್ಟೆಲ್ ಹುಡುಗರು, ಔಷಧಿ ಅಂಗಡಿ ಹುಡುಗರು, ಬೈಕ್ ಸ್ಪೇರ್ ಕಳಿಸುವವರು ಎಲ್ಲ ಕಾದಿರುತ್ತಾರೆ. ಕನ್ನಡಕ ಮರೆತು ಊರಿಗೆ ಹೋದ ಅಜ್ಜನಿಗೆ ಕನ್ನಡಕವೂ ಹಿಂದಿನ ಬಸ್ಸಿನಲ್ಲಿ ಹೋಗುತ್ತದೆ.

ನಮ್ಮದು ಶರಾವತಿ ಹಿನ್ನೀರಿನ ಆಚೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾಗುವವರೆಗೆ ಬಸ್ಸು ಲಾಂಚ್ ಹತ್ತಿ ದಾಟಬೇಕಿತ್ತು. ಅಮ್ಮನ ಪಾರ್ಸೆಲ್ಲೂ ಲಾಂಚ್ ಏರಿಯೇ ಬರುತ್ತಿತ್ತು. ಈಗ ಸೇತುವೆ ಮೇಲೆ ಸುಯ್ ಅಂತ ಬರುತ್ತದೆ. ಸೇತುವೆ ನೋಡಲು ಜನ ಬರುತ್ತಾರೆ. ಆದರೆ ರಾತ್ರಿ ಹೊತ್ತು ಹುಷಾರಿಲ್ಲದವರನ್ನು ಸಾಗರದ ಆಸ್ಪತ್ರೆಗೆ ಸಾಗಿಸಬಹುದು ಅನ್ನುವುದೇ ನಮಗೆ ದೊಡ್ಡದು.

ಕೇಳಿದವರು

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮಾವನಿಗೆ ಫೋನಿನಲ್ಲಿ ಕೂಡ್ಲಿ ವಿಷಯ ಹೇಳಿದೆ. "ಮೊದಲ ದಿನವೇ ಅಲ್ಲಿಗೇ ಹೋಗೋಣ" ಅಂದರು. ಅಡಿಕೆ ಮಂಡಿಯೂ ನೋಡಬೇಕಂತೆ. ಅವರೂ ಭತ್ತದ ಮಂಡಿಯಲ್ಲಿ ಓಡಾಡಿದವರು. ನಾದಿನಿಗೆ ಮಾತ್ರ ಎರಡು ಹೆದರಿಕೆ. ಮಕ್ಕಳಿಗೆ ಇಂಬಳ, ಅಂದರೆ ಜಿಗಣೆ, ಹತ್ತುತ್ತದಾ? ಮಂಗನ ಕಾಯಿಲೆ ಅಂತ ಟಿವಿಯಲ್ಲಿ ನೋಡಿದ್ದಾಳೆ, ಅದು?

ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿದವರು

ಊರೊಳಗೆ ಇಂಬಳ ಇಲ್ಲ. ಸಕ್ರೆಬೈಲಿನಲ್ಲಿ ದಾರಿ ಬಿಟ್ಟು ಹುಲ್ಲಿಗೆ ಇಳಿಯದಿದ್ದರೆ ಅಲ್ಲೂ ಅಷ್ಟಾಗಿ ಇಲ್ಲ. ಹತ್ತಿದರೆ ಗಾಬರಿಯಾಗಿ ಕಿತ್ತು ಎಳೆಯಬೇಡಿ. ಉಪ್ಪು ಇಲ್ಲವೇ ಸುಣ್ಣ ಮುಟ್ಟಿಸಿದರೆ ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಒತ್ತಿ ಹಿಡಿಯಿರಿ.

ಮಂಗನ ಕಾಯಿಲೆ ಬೇರೆ ವಿಷಯ, ಅದನ್ನು ಹಗುರವಾಗಿ ತಗೊಳ್ಳಬಾರದು. 1957ರಲ್ಲಿ ಅದು ಮೊದಲು ಪತ್ತೆಯಾಗಿದ್ದು ನಮ್ಮ ಜಿಲ್ಲೆಯಲ್ಲೇ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಕಾಡಿನ ಉಣುಗಿನಿಂದ, ಅಂದರೆ ಉಣ್ಣೆ ಹುಳದಿಂದ. ಅದರ ಕಾಲ ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ. ಆ ತಿಂಗಳುಗಳಲ್ಲಿ ದರಗು (ಒಣ ಎಲೆ), ಸೌದೆ ಅಂತ ಕಾಡಿಗೆ ಹೋಗುವವರಿಗೆ ಅಪಾಯ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಬೇಕು. ಜುಲೈ ಮಳೆಯಲ್ಲಿ ಕೂಡ್ಲಿ, ಗಾಜನೂರು ನೋಡಿ ಬರುವವರಿಗೆ ಅದರ ಚಿಂತೆ ಬೇಡ. ನೀರು ಕಾಯಿಸಿ ಆರಿಸಿ ಕುಡಿಸಿ, ಸಾಕು.

ಗುಡ್ಡೇಕಲ್ ಹತ್ತಿರದವರು

ತಾರೀಖು ಗೊತ್ತು ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ. ಜುಲೈ ಕೊನೆ, ಆಗಸ್ಟ್ ಅಂದರೆ ಗುಡ್ಡೇಕಲ್ ಬಾಲಸುಬ್ರಹ್ಮಣ್ಯನ ಆಡಿಕೃತ್ತಿಕೆ ಬರುವ ಹೊತ್ತು. ಕಾವಡಿ ಹೊತ್ತವರು, ಹರಕೆ ಹೊತ್ತವರು, ಹರೋಹರ ಅನ್ನುತ್ತಾ ಸುತ್ತಲಿನ ಊರುಗಳಿಂದೆಲ್ಲ ಜನ ಬರುತ್ತಾರೆ. ನೋಡಬೇಕಾದ ಜಾತ್ರೆಯೇ. ಆದರೆ ಅವತ್ತು ಕಾರು ಮನೆಯಲ್ಲೇ ಬಿಟ್ಟು ಬನ್ನಿ. ಕೂಡ್ಲಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಈ ಕಡೆ ರಸ್ತೆಯಲ್ಲಿ ಗಾಡಿ ಮುಂದಕ್ಕೆ ಹೋಗುವುದಿಲ್ಲ.