ದ್ವೀಪ, ಕುದ್ರು, ಪಾರ್, ದೀವಿ: ಯಾವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಕಳೆದ ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಕುಶಾಲನಗರದಿಂದ ಮಲ್ಪೆಗೆ ಹೋಗಿದ್ದೆವು. ಅಲ್ಲಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ. ಅಲ್ಲಿ ರಾತ್ರಿ ಉಳಿಯುವ ಹಾಗಿಲ್ಲ. ಸುತ್ತಾಡಿ ಸಂಜೆಯೊಳಗೆ ವಾಪಸ್ ಬರಬೇಕು. ಬೋಟಿನಲ್ಲಿ ಮಗಳು ಕೇಳಿದಳು, "ಅಪ್ಪಾ, ನಮ್ಮ ನಿಸರ್ಗಧಾಮವೂ ದ್ವೀಪ, ಇದೂ ದ್ವೀಪ. ಎರಡೂ ಒಂದೇನಾ?" ಈಗ ಅವಳ ಜೊತೆ ಆ ಪ್ರವಾಸದ ಬಗ್ಗೆ ಬರೆಯಲು ಕೂತಿದ್ದೇನೆ. ಆ ಪ್ರಶ್ನೆ ಇನ್ನೂ ಬಿಟ್ಟಿಲ್ಲ.

ನಿಸರ್ಗಧಾಮ ಕಾವೇರಿಯ ನಡುವಿನ 64 ಎಕರೆ ಮಣ್ಣಿನ ನೆಲ. ತೂಗುಸೇತುವೆ ದಾಟಿದರೆ ಬಿದಿರು ಮೆಳೆ. ಮಲ್ಪೆಯದು ಕಡಲ ನಡುವಿನ ಕಲ್ಲು. ಮಡಗಾಸ್ಕರ್ ಇನ್ನೂ ಭಾರತಕ್ಕೆ ಅಂಟಿಕೊಂಡಿದ್ದಾಗ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣಿದು ಕಂಬ ಕಂಬವಾಗಿ ನಿಂತಿದೆ. ಬೋಟಿನವರು ಅದನ್ನು ದ್ವೀಪ ಅನ್ನಲೇ ಇಲ್ಲ, 'ತೋನ್ಸೆಪಾರ್' ಅಂದರು. ಆ 'ಪಾರ್' ನಮ್ಮ 'ಪಾರೆ'ಯೇ ಇರಬೇಕು, ಅಂದರೆ ಬಂಡೆ. ತುಳುವಿನಲ್ಲೂ ಕೊಡವ ತಕ್ಕಿನಲ್ಲೂ ಪಾರೆ ಅಂದರೆ ಬಂಡೆಯೇ ಅಲ್ವಾ? ನೋಡಿದ್ದನ್ನು ನೋಡಿದ ಹಾಗೆ ಹೇಳುವ ಹೆಸರು. ನನಗೆ ತುಂಬಾ ಇಷ್ಟವಾಯಿತು.

'ಕುದ್ರು' ಅಂತ ಬರೆಯೋಣ ಅಂದುಕೊಂಡಿದ್ದೆ. ಉಡುಪಿಯ ಗೆಳೆಯರು ಒಪ್ಪಲಿಲ್ಲ. ಕುದ್ರು ಅಂದರೆ ಹೊಳೆ ತಂದು ಹಾಕಿದ ಮಣ್ಣು. ಅದರ ಮೇಲೆ ತೆಂಗು, ಮನೆ ಇರುತ್ತೆ. ಕಡಲ ಬಂಡೆಗೆ ಆ ಪದ ಒಗ್ಗುವುದಿಲ್ಲ ಅಂದರು. ಹಾಗಾದರೆ ನಮ್ಮ ನಿಸರ್ಗಧಾಮವೇ ಕುದ್ರು! ಆದರೆ ಕುಶಾಲನಗರದಲ್ಲಿ ಆ ಪದ ನಾನು ಕೇಳಿಲ್ಲ.

ಇನ್ನೊಂದು ಪದ 'ಕುರ್ವ'. ರಾಯಚೂರಿನಲ್ಲಿ ಕೃಷ್ಣೆಯ ನಡುವೆ ಕುರ್ವಕುಲ, ಕುರ್ವಕುರ್ದ ಊರುಗಳಿವೆ. ಕುಮಟಾದ ಅಘನಾಶಿನಿಯಲ್ಲಿ ಐಗಳಕೂರ್ವೆ. ನಮ್ಮ ಕುಟ್ಟ ದಾಟಿ ವಯನಾಡಿಗೆ ಹೋದರೆ ಕಬಿನಿಯಲ್ಲಿ ಕುರುವ ದ್ವೀಪ. ಮೂರೂ ಒಂದೇ ಪದ ಅಂತ ನನ್ನ ಅಂದಾಜು. ಹಾಗಿದ್ದರೆ ಕುರುವ ದ್ವೀಪ ಅನ್ನುವುದು 'ದ್ವೀಪ ದ್ವೀಪ' ಅಂದ ಹಾಗಾಯಿತು.

ಇವೆಲ್ಲ ಹೊಳೆಯವು. ಕಡಲಿನದಕ್ಕೆ ನನಗೆ ಹಿಡಿಸಿದ್ದು 'ದೀವಿ'. ದ್ವೀಪವೇ ನಾಲಿಗೆಯಲ್ಲಿ ಸವೆದು ದೀವಿ ಆಗಿದೆ. ಈಗ ಲಕ್ಷದ್ವೀಪಕ್ಕೆ ಸೇರಿದ ಅಮಿನ್‌ದೀವಿ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಮಂಗಳೂರಿನವರಿಗೆ ಅದು ಹೊರಗಿನ ಪದ ಆಗಿರಲಿಕ್ಕಿಲ್ಲ. ಸಂಪಾಜೆಯ ನಮ್ಮ ನೆಂಟರ ತೋಟದಲ್ಲಿ ಜೀಗುಜ್ಜೆ ಮರ ಇದೆ. ಅತ್ತೆ ಅದನ್ನು ದೀವಿಹಲಸು ಅನ್ನುತ್ತಾರೆ. ದ್ವೀಪದಿಂದ ಬಂದ ಹಲಸು! ಅಡುಗೆಮನೆಯಲ್ಲಿ ಉಳಿದ ಪದವನ್ನು ನಕ್ಷೆಯಲ್ಲಿ ಯಾಕೆ ಬಿಟ್ಟೆವು?

'ನಡುಗಡ್ಡೆ' ಎಲ್ಲರಿಗೂ ಗೊತ್ತು, ಸರಿ. ಆದರೆ ಅದು ಹೊಳೆಗೂ ಕಡಲಿಗೂ, ಮಣ್ಣಿಗೂ ಕಲ್ಲಿಗೂ ಒಂದೇ. ಮಗಳು ಕೇಳಿದ ವ್ಯತ್ಯಾಸ ಅದರಲ್ಲಿ ಸಿಗುವುದಿಲ್ಲ.

ಕರಾವಳಿಯ ಹಿರಿಯರು 'ದೀವಿಗೆ ಹೋಗಿ ಬಂದೆ' ಅಂತ ಈಗಲೂ ಅನ್ನುತ್ತಾರಾ? ದುಬಾರೆ, ಸಿದ್ದಾಪುರ ಕಡೆ ಕಾವೇರಿ ದಂಡೆಯಲ್ಲಿ ಬೆಳೆದವರು ಹೊಳೆ ನಡುವಿನ ನೆಲಕ್ಕೆ ಮನೆಯಲ್ಲಿ ಏನನ್ನುತ್ತೀರಿ? ಕೊಡವ ತಕ್ಕಿನ ಪದ, ಯರವರ ಪದ, ಜೇನುಕುರುಬರ ಪದ, ಯಾವುದಾದರೂ ಸರಿ. ಕೇಳಿದ ಊರಿನ ಹೆಸರನ್ನೂ ಜೊತೆಗೆ ಬರೆಯಿರಿ.